ಬಂಗಾರದ ಅಂಚಿನ ಕೆಂಪು ಬಿಲ್ಲೆ

ಚಂದಾಪುರ, ಚಿಂಚೋಳಿ ತಾಲೂಕು
3 ಅಕ್ಟೋಬರ್ 2024

ಮೈತ್ರಿ,

ಜಯಭೀಮ್. ಇಷ್ಟು ಬರೆಯುವುದಕ್ಕೂ ಕೈ ಹಿಂಜರಿಯಿತು. ಅಪ್ಪ ಕಲಿಸಿದ ರೂಢಿ, ಅದಕ್ಕಾಗಿ ಬರೆದೆ.

ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ಫೋನಿನಲ್ಲಿ ನೀನು ಒಮ್ಮೆ ಮೂಗು ಸೊರಗುಟ್ಟಿಸಿದರೆ ಸಾಕು, ಚಿಕ್ಕಂದಿನಿಂದಲೂ ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಇಳಿಯಬಾರದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ಕಂಪನಿಯ ಸೆನ್ಸರ್ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದಾಗ ಚಂದ್ರಂಪಳ್ಳಿ ಕಡೆಯ ಹಳ್ಳಿಗಳಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ, ಎದೆಬಡಿತ ನೋಡುವ ಯಂತ್ರ ಇದು, ಇದಕ್ಕೆ ರೂಪ ಕೊಟ್ಟವಳು ನನ್ನ ತಂಗಿ ಅಂತ. ಕುಂಕುಮದ ಕೆಂಪು, ಸುತ್ತಲೂ ಬಂಗಾರದ ಅಂಚು, ನಡುವೆ ಜೋಳದ ಕಾಳಿನಷ್ಟು ಬೆಳಕು. ಎದೆಗೆ ಅಂಟಿಸಬೇಕು, ಬಿದ್ದುಹೋಗದಿರಲಿ ಅಂತ ಕೊರಳ ದಾರಕ್ಕೂ ಪೋಣಿಸಬಹುದು. ಜನ ಅದಕ್ಕೆ ಬಿಲ್ಲೆ ಅಂತಲೇ ಹೆಸರಿಟ್ಟರು. ಬಿ.ಪಿ. ಇರುವ ವಯಸ್ಸಾದ ಹೆಂಗಸರಿಗೆ ಮಾತ್ರ ಕೊಡಿ ಅಂತ ನಿಮ್ಮವರು ಹೇಳಿದ್ದರು. ಹಾಗೆ ಭೀಮಮ್ಮ ಅನ್ನುವವಳಿಗೆ ಕೊಟ್ಟೆ. ಕೈಯಾರೆ ಆಕೆಯ ಎದೆಗೆ ಅಂಟಿಸಿದೆ. ವಾರಕ್ಕೊಮ್ಮೆ ಅಂಟು ಬದಲಿಸುವುದನ್ನು ಸೊಸೆ ದಾನಮ್ಮನಿಗೆ ತೋರಿಸಿಕೊಟ್ಟೆ. ಎದೆ ಹದ ತಪ್ಪಿದರೆ ಇದು ತಾನೇ ಪುಣೆಗೆ ಸುದ್ದಿ ಕಳಿಸುತ್ತದೆ ಅಂತ ಮನೆಯವರನ್ನೆಲ್ಲ ಕೂಡಿಸಿ ಹೇಳಿದೆ.

ಪುಣೆಯಿಂದ ನನ್ನ ಫೋನಿಗೆ ಸುದ್ದಿ ಬಂತು. ಭೀಮಮ್ಮನ ಬಡಿತ ಅಡ್ಡಾದಿಡ್ಡಿ ಆಗಿದೆ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂತ. ಮಗ ರಮೇಶಕುಮಾರನನ್ನು ಹೊಲದಿಂದ ಕರೆಸಿ, ಜೀಪು ಮಾಡಿಸಿ, ಕಲಬುರಗಿಗೆ ಒಯ್ದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಮಂದಿಯ ಮುಂದೆ ನಕ್ಕರು. "ಸಿಸ್ಟರ್, ಈ ಮುದುಕಿ ಎದಿ ನಿಮ್ಮ ಎದಿಗಿಂತ ಘಟ್ಟಿ ಅದ. ಸುಮ್ಮ ಯಾಕ ಅಂಜಸ್ತೀರಿ ಬಡವ್ರನ್ನ?" ವಾಪಸು ಬರುವಾಗ ಜೀಪಿನಲ್ಲಿ ರಮೇಶಕುಮಾರ ನನಗೆ ಬೆನ್ನು ಮಾಡಿ ಕೂತ. ಭೀಮಮ್ಮ ಒಬ್ಬಳೇ, "ಬಿಡ್ರಿ ಸಿಸ್ಟರ್, ಈ ನೆವದಾಗ ಕಲಬುರಗಿ ನೋಡಿದಂಗಾಯ್ತು" ಅಂದಳು.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ನಿನ್ನೆ ನಿಮ್ಮ ಕಂಪನಿಯ ಕಾಗದ ಬಂತು. ತಾಲೂಕು ಆರೋಗ್ಯ ಸಾಹೇಬರಿಗೊಂದು, ರಮೇಶಕುಮಾರನಿಗೊಂದು, ಚೊಕ್ಕ ಕನ್ನಡದಲ್ಲಿ. "ಸಿಬ್ಬಂದಿಯು ಯಂತ್ರವನ್ನು ತಪ್ಪಾಗಿ ಅಂಟಿಸಿದ್ದರಿಂದ ಸುಳ್ಳು ಮಾಹಿತಿ ಬಂದಿದೆ, ಅದನ್ನು ನಂಬಬಾರದು." ಕೆಳಗೆ ಸಹಿ, ಮೈತ್ರಿ ಭಗವಂತ. ಆ ಹೆಸರನ್ನು ಪಾಟಿಯ ಮೇಲೆ ಬರೆಯಲು ನಿನಗೆ ಕಲಿಸಿದವಳು ನಾನು.

ನನ್ನದು ಗುತ್ತಿಗೆ ನೌಕರಿ. ಇಂಥ ಒಂದು ಕಾಗದ ಸಾಕು ಮನೆಗೆ ಕಳಿಸಲು. ನಿನ್ನ ಬಿಲ್ಲೆಯ ಮಾನ ಉಳಿಯಲಿ ಅಂತ ಅಕ್ಕನ ಮಾನ ತೆಗೆದೆಯಾ? ಉತ್ತರ ಬರಿ.

ಲುಂಬಿನಿ


ಪುಣೆ
11 ಅಕ್ಟೋಬರ್ 2024

ಅಕ್ಕಾ,

ಜಯಭೀಮ್. ನಾನು ಹಿಂಜರಿಯದೆ ಬರೆದಿದ್ದೇನೆ, ನೋಡು.

ನಿನ್ನ ಕಾಗದ ಎರಡು ಸಲ ಓದಿದೆ. ಎರಡನೇ ಸಲ ಇನ್ನೂ ಹೆಚ್ಚು ಸಿಟ್ಟು ಬಂತು. ಯಂತ್ರದಲ್ಲಿ ದೋಷವಿಲ್ಲ. ಅದರ ಜೊತೆ ತಯಾರಾದ ಬೇರೆ ಬಿಲ್ಲೆಗಳನ್ನು ಇಲ್ಲಿ ಬಿಚ್ಚಿ ನೋಡಿದ್ದಾರೆ, ಎಲ್ಲ ಸರಿ ಇದೆ. ಯಂತ್ರ ಸರಿ ಇದ್ದು, ಆ ಮುದುಕಿಯ ಎದೆಯೂ ಸರಿ ಇದ್ದರೆ ತಪ್ಪು ನಡುವೆ ಎಲ್ಲೋ ಆಗಿರಬೇಕು. ನಡುವೆ ಇದ್ದವಳು ನೀನು. ಕುಪ್ಪಸದ ಮೇಲೆ ಅಂಟಿಸಿದೆಯೋ, ಎಣ್ಣೆ ಮೈಗೆ ಅಂಟಿಸಿದೆಯೋ, ನನಗೇನು ಗೊತ್ತು?

ಅಲಂಕಾರ ಅಲಂಕಾರ ಅಂತ ಇಲ್ಲಿಯೂ ನನ್ನನ್ನು ಆಡಿಕೊಳ್ಳುತ್ತಾರೆ. ಎಂಜಿನಿಯರುಗಳು ಊಟದ ಮೇಜಿನಲ್ಲಿ ನನಗೆ "ಬಣ್ಣ ಹಚ್ಚುವವಳು" ಅನ್ನುತ್ತಾರೆ. ನನ್ನ ವಿನ್ಯಾಸವನ್ನು ಈಗ ಸರ್ಕಾರದಲ್ಲಿ ನೋಂದಾಯಿಸಲು ಅರ್ಜಿ ಹಾಕಿದ್ದಾರೆ. ಆ ಕಾಯ್ದೆಯೂ ಹೊರಗಿನ ರೂಪವನ್ನಷ್ಟೇ ನೋಡುತ್ತದೆ, ಒಳಗೆ ಏನು ಕೆಲಸ ಮಾಡುತ್ತದೆ ಅಂತ ಕೇಳುವುದಿಲ್ಲ. ಆದರೆ ಆ ರೂಪ ಯಾಕೆ ಬಂತು ಅಂತ ನಿನಗಾದರೂ ನೆನಪಿರಬೇಕು. ಮೊದಲು ಬಿಳಿಯದು ಮಾಡಿದ್ದೆವು. ಶಹಾಬಾದದಲ್ಲಿ ಹೆಂಗಸರು ಅದನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟರು, ನೋಡಿದವರು ರೋಗ ಅಂತಾರೆ ಅಂತ. ಆಗ "ಚಂದ ಮಾಡು ಮೈತ್ರಿ, ಹಾಕ್ಕೊಂಡ್ರ ನಾಚಿಕಿ ಆಗಬಾರದು" ಅಂದವಳು ನೀನೇ. ಸೇಡಂನಲ್ಲಿ ಹೆಂಗಸರನ್ನು ಕೂಡಿಸಿ, ಅರಿಶಿನ ಕುಂಕುಮ ಕೊಟ್ಟು, ಅವರ ಜೊತೆ ನೆಲದ ಮೇಲೆ ಕೂತು ಈ ರೂಪ ಬರೆದೆ. ಈಗ ಯಾರೂ ಅದನ್ನು ಬಚ್ಚಿಡುವುದಿಲ್ಲ. ಅದು ಅಲಂಕಾರ ಅಲ್ಲ ಅಕ್ಕಾ, ಅದೇ ನನ್ನ ಕೆಲಸ.

ಸಹಿಯ ಮಾತು. ಸರಿ ಅನಿಸಿದ್ದಕ್ಕೇ ಸಹಿ ಹಾಕಿದ್ದೇನೆ. ಹೆಚ್ಚು ಕೇಳಬೇಡ.

ನೀನು ಫೋನ್ ಎತ್ತುವುದಿಲ್ಲ ಅಂದೆಯಲ್ಲ, ನಿನ್ನ ನಂಬರನ್ನು ನಾನೂ ಬಂದ್ ಮಾಡಿಟ್ಟಿದ್ದೇನೆ. ವಾಡಿಯಲ್ಲಿ ಅವ್ವನಿಗೆ ಇದನ್ನೆಲ್ಲ ಹೇಳಬೇಡ.

ಮೈತ್ರಿ


ಚಂದಾಪುರ
19 ಅಕ್ಟೋಬರ್ 2024

ಮೈತ್ರಿ,

ಎಣ್ಣೆ ಮೈಗೆ ಅಂಟಿಸಿದೆಯೋ ಅಂತ ಕೇಳುತ್ತೀಯ. ನರ್ಸ್ ಆಗಿ ಕೂದಲು ಬೆಳ್ಳಗಾಗುತ್ತ ಬಂದಿದೆ ನನಗೆ. ನೀನು ಕಂಪ್ಯೂಟರಿನಲ್ಲಿ ಕೆಂಪು ಯಾವುದು, ಇನ್ನಷ್ಟು ಕೆಂಪು ಯಾವುದು ಅಂತ ನೋಡುತ್ತ ಕೂತವಳು. ನಿನ್ನಿಂದ ನಾನು ಅಂಟಿಸುವುದನ್ನು ಕಲಿಯಬೇಕಾಯಿತು.

ಸಾಹೇಬರು ಲಿಖಿತ ವಿವರಣೆ ಕೇಳಿದ್ದಾರೆ. ಎಲ್ಲ ಬಿಲ್ಲೆಗಳನ್ನೂ ವಾಪಸು ತಂದುಕೊಡಲು ಹೇಳಿದ್ದಾರೆ. ನಾಳೆ ಭೀಮಮ್ಮನ ಮನೆಗೆ ಹೋಗಿ ಅದನ್ನು ಕಿತ್ತು ತರುತ್ತೇನೆ. ಇನ್ನೊಂದು ಮಾತು. ಅದು ಈಗಲೂ ದಿನಾ ಅದೇ ಹಾಡು ಹಾಡುತ್ತಿದೆ, ಬಡಿತ ತಪ್ಪಿದೆ, ಬಡಿತ ತಪ್ಪಿದೆ ಅಂತ. ಕಲ್ಲಿನಂಥ ಎದೆಯ ಮುದುಕಿಯ ಮೇಲೆ ಕೂತು ಸುಳ್ಳು ಹೇಳುತ್ತಿದೆ. ಸುಳ್ಳು ಹೇಳುವುದನ್ನು ಅದೂ ನಿನ್ನಿಂದಲೇ ಕಲಿತಿರಬೇಕು.

ಲುಂಬಿನಿ


ಚಂದಾಪುರ
20 ಅಕ್ಟೋಬರ್ 2024, ಸಂಜೆ

ಮೈತ್ರಿ,

ನಿನಗೆ ಫೋನ್ ಹಚ್ಚಿ ಹಚ್ಚಿ ಸಾಕಾಯಿತು. ಬಂದ್ ಮಾಡಿಟ್ಟಿದ್ದೀಯ, ಸರಿ. ಅಪ್ಪನ ಜೊತೆ ರೈಲ್ವೆಯಲ್ಲಿದ್ದ ಮಜೀದಸಾಬ ಮಾಮಾ ಮಗಳ ಮನೆಗೆ ಪುಣೆಗೆ ಹೊರಟಿದ್ದಾರೆ. ವಾಡಿಗೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಇದನ್ನು ಅವರಿಗೆ ಮುಟ್ಟಿಸುತ್ತಿದ್ದೇನೆ. ಸಿಟ್ಟು ಬದಿಗಿಟ್ಟು ಪೂರ್ತಿ ಓದು.

ಇವತ್ತು ಭೀಮಮ್ಮನ ಮನೆಗೆ ಹೋದೆ. ಆಕೆ ಕಟ್ಟೆಯ ಮೇಲೆ ಕೂತು ತೊಗರಿ ಹಸನ ಮಾಡುತ್ತಿದ್ದಳು. ಕೊರಳು ಬರಿದು, ಎದೆ ಬರಿದು. ಬಿಲ್ಲೆ ಎಲ್ಲಿ ಅಂದೆ. ಆಕೆ ಉತ್ತರ ಕೊಡುವ ಮೊದಲೇ ಸೊಸೆ ದಾನಮ್ಮ ಕೊಡ ಹೊತ್ತು ಒಳಗೆ ಬಂದಳು. ಆರು ತಿಂಗಳ ಬಸುರಿ. ಕೊರಳಲ್ಲಿ ಕರಿಮಣಿ, ಅದರ ನಡುವೆ ನಿನ್ನ ಬಂಗಾರದ ಅಂಚಿನ ಕೆಂಪು ಬಿಲ್ಲೆ, ಎದೆಗೆ ಸರಿಯಾಗಿ ಅಂಟಿಸಿದ್ದು, ಒಳಗೆ ದೀಪ ಮಿಣಮಿಣ. ಕೊಡ ಇಳಿಸಿ ಗೋಡೆ ಹಿಡಿದು ನಿಂತಳು. ಅವಳ ಉಸಿರಿನ ಸದ್ದು ನನಗೆ ಅಂಗಳದವರೆಗೂ ಕೇಳಿತು.

"ಇದು ಯಾವಾಗಿನಿಂದ ಇವಳ ಮೈಮ್ಯಾಲ ಅದ?" ಅಂತ ಕೇಳಿದೆ.

"ನೀವು ಹಾಕಿ ಹೋದ ಮರುದಿನದಿಂದ್ರಿ," ಅಂದಳು ಭೀಮಮ್ಮ. "ಕುಂಕುಮದ ಬಣ್ಣ, ಬಂಗಾರದ ಅಂಚು, ಕೊರಳಾಗ. ನಾ ಗಂಡ ಇಲ್ಲದಾಕಿ. ಓಣ್ಯಾಗ ಮಂದಿ ಏನಂದಾರು? ಸೊಸಿ ಕೇಳಿದ್ಲು, ಕೊಟ್ಟೆ. ನೀವು ಬೈತೀರಂತ ಹೇಳಲಿಲ್ಲ. ನೀವ್ ಬರೋ ದಿನ ಸೆರಗ ಹೊದ್ದು ಕುಂದ್ರತಿದ್ದೆ."

"ಕಲಬುರಗಿಗಿ ಒಯ್ಯುವಾಗರೆ ಹೇಳಬಾರದಾ?"

"ಸುದ್ದಿ ನನ್ನ ಹೆಸರಿಲೆ ಬಂದಿತ್ತಲ್ರಿ. ನಂದೇ ಎದಿ ಕೆಟ್ಟದಂತ ನಾ ತಿಳಕೊಂಡೆ. ಅಲ್ಲಿ ಬಿಲ್ಲೆ ಎಲ್ಲದ ಅಂತ ಯಾರೂ ಕೇಳಲಿಲ್ಲ."

ದಾನಮ್ಮನನ್ನು ಕಟ್ಟೆಯ ಮೇಲೆ ಕೂರಿಸಿದೆ. ನಾನು ಅವಳ ಎದೆಗೆ ಸ್ಟೆಥೊಸ್ಕೋಪ್ ಹಚ್ಚಿದೆ. ಮೈತ್ರಿ, ಎರಡೆರಡು ಸಲ ಆಲಿಸಿದೆ. ಬಡಿತ ಓಡುತ್ತದೆ, ಎಡವುತ್ತದೆ, ಮತ್ತೆ ಓಡುತ್ತದೆ, ನಡುವೆ ಗರಗರ ಅನ್ನುವ ಸದ್ದು. ಯಂತ್ರ ಒಂದು ದಿನವೂ ಸುಳ್ಳು ಹೇಳಿಲ್ಲ. ಹೆಸರು ಅತ್ತೆಯದು, ಎದೆ ಸೊಸೆಯದು. ಅವಳಿಗೆ ಹೃದಯದ ಡಾಕ್ಟರು ಬೇಕು, ಇವತ್ತೇ ಬೇಕು. ಹೆರಿಗೆಯ ತನಕ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ರಮೇಶಕುಮಾರ ಒಯ್ಯಲು ಒಪ್ಪಲಿಲ್ಲ. ಒಳಗೆ ಹೋಗಿ ನಿನ್ನ ಸಹಿಯ ಕಾಗದ ತಂದು ನನ್ನ ಮುಂದೆ ಹಿಡಿದ. "ನಿಮ್ಮ ತಂಗೀನೇ ಬರದಾರ, ಇದು ಸುಳ್ಳ ಹೇಳ್ತದ ಅಂತ. ನಮ್ಮವ್ವನ್ನ ಒಯ್ದು ಒಮ್ಮೆ ನಗಿಪಾಟಲು ಮಾಡಿದ್ರಿ. ಈಗ ಹೇಣ್ತಿ ಸರದಿ ಏನ್ರಿ? ಹೋಗ್ರಿ ಸಿಸ್ಟರ್, ನಿಮ್ಮ ಬಿಲ್ಲೆ ತಗೊಂಡು ಹೋಗ್ರಿ." ನಾನು ನನ್ನ ಕಿವಿಯಲ್ಲಿ ಕೇಳಿದ್ದನ್ನು ಹೇಳಿದೆ. ತಪ್ಪಾಗಿ ಅಂಟಿಸುವವಳ ಕಿವಿ ಅದು, ಯಾರು ನಂಬುತ್ತಾರೆ?

ಸೇಡಂನಲ್ಲಿ ನೀನು ಅರಿಶಿನ ಕುಂಕುಮ ಕೊಟ್ಟು ಕೂಡಿಸಿದೆಯಲ್ಲ, ಆ ಸಭೆಗೆ ಗಂಡನಿಲ್ಲದ ಒಬ್ಬ ಹೆಂಗಸಾದರೂ ಬಂದಿದ್ದಳಾ? ಎದೆಬೇನೆ ಇರುವ ಮುದುಕಿಯರಿಗೆ ಅಂತ ಮಾಡಿದ್ದು, ಆ ಮುದುಕಿಯರಲ್ಲಿ ಅರ್ಧಕ್ಕರ್ಧ ಮಂದಿ ವಿಧವೆಯರು. ಅವರ ಕೊರಳಿಗೆ ನೀನು ತಾಳಿ ಮಾಡಿ ಕಳಿಸಿದೆ.

ಯಂತ್ರ ಹೇಳಿದ್ದು ನಿಜ ಅಂತ ಬರೆದು ಕಳಿಸು. ಅದೇ ಸಹಿ ಹಾಕು. ತಡ ಮಾಡಿದರೆ ನೀನು ನನ್ನ ತಂಗಿಯಲ್ಲ.

ಲುಂಬಿನಿ


ಪುಣೆ
22 ಅಕ್ಟೋಬರ್ 2024

ಅಕ್ಕಾ,

ಮಜೀದಸಾಬ ಮಾಮಾ ಬಾಗಿಲಲ್ಲಿ ನಿಂತು, "ಓದು ಬೇಟಿ, ನಾ ಕಾಯ್ತೀನಿ" ಅಂದರು. ಓದಿ ನೇರ ಆಫೀಸಿಗೆ ಹೋದೆ.

ಭೀಮಮ್ಮನ ಹೆಸರಿನಲ್ಲಿ ಬಂದ ಎದೆಬಡಿತದ ಗೆರೆಗಳನ್ನು ತೆಗೆಸಿ ನೋಡಿದೆ. ಮೊದಲ ಸಲ ನೋಡಿದ್ದು, ಅಕ್ಕಾ. ಹೊರಗಿನ ರೂಪ ನನ್ನದು, ಒಳಗಿನ ಗೆರೆ ಇನ್ನೊಬ್ಬರದು ಅಂತ ಇಷ್ಟು ದಿನ ಹಾಯಾಗಿದ್ದೆ. ಪಕ್ಕದಲ್ಲಿ ಕೂತ, ಗೆರೆ ಓದಬಲ್ಲ ಹುಡುಗ ಫೈಜಾನ್ ಅದನ್ನು ನೋಡಿದವನೇ ಹೇಳಿದ, ಇದು ಸುಳ್ಳು ಗೆರೆ ಅಲ್ಲ, ಈ ಎದೆಗೆ ನಿಜವಾಗಿ ಬೇನೆ ಇದೆ, ಯಾರನ್ನು ಕೇಳಿ ಸುಳ್ಳು ಅಂತ ಬರೆದಿರಿ ಅಂತ. ಯಾರನ್ನೂ ಕೇಳಿರಲಿಲ್ಲ. ಕಲಬುರಗಿಯ ಡಾಕ್ಟರು ನಕ್ಕ ಸುದ್ದಿ ಬಂದ ಕೂಡಲೇ ನಮ್ಮ ಸಾಹೇಬರು ಯಂತ್ರದ ಹೆಸರು ಉಳಿಸಲು ಆ ಕಾಗದ ಬರೆಸಿದರು. ಆಫೀಸಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಅನುವಾದವೂ ನೀನೇ ಮಾಡು, ಸಹಿಯೂ ನಿನ್ನದೇ ಇರಲಿ ಅಂದರು. ಇದನ್ನು ನಿನಗೆ ಹೇಳಲು ಆವತ್ತು ಸೊಕ್ಕು ಅಡ್ಡ ಬಂತು.

ಇವತ್ತು ಸಾಹೇಬರ ಮುಂದೆ ನಿಂತು, ಆ ಕಾಗದ ಹಿಂದೆಗೆದುಕೊಳ್ಳಿ ಅಂದೆ. ನಿನ್ನ ಕೆಲಸ ಚಂದ ಕಾಣಿಸುವುದು, ಅಷ್ಟು ಮಾಡಿಕೊಂಡಿರು ಅಂದರು. ನೋಂದಣಿ ಆಗುವ ತನಕ ಯಾರೂ ಬಾಯಿ ಬಿಡುವಂತಿಲ್ಲವಂತೆ. ನಾನು ಅಲ್ಲಿಯೇ ಅವರ ಮೇಜಿನ ಮೇಲೆ ಹೊಸ ಕಾಗದ ಬರೆದು ಸಹಿ ಹಾಕಿ ಒಂದು ಪ್ರತಿ ಅವರ ಕೈಗೆ ಕೊಟ್ಟೆ. ಸಂಜೆಯ ಹೊತ್ತಿಗೆ ನನ್ನನ್ನು ಈ ಕೆಲಸದಿಂದ ತೆಗೆದಿದ್ದರು. ತೆಗೆಯಲಿ. ಇಂಥವರ ಹತ್ತಿರ ಬಣ್ಣ ಹಚ್ಚುತ್ತ ಕೂತಿದ್ದೆನಲ್ಲ ಅಂತ ಮೈ ಉರಿಯುತ್ತಿದೆ.

ರಮೇಶಕುಮಾರನಿಗೆ ಒಂದು, ನಿಮ್ಮ ಸಾಹೇಬರಿಗೆ ಒಂದು ಕಾಗದ ಇದರ ಜೊತೆ ಇವೆ. ಡಾಕ್ಟರಿಗೆ ತೋರಿಸಲು ಆ ಗೆರೆಗಳ ಚೀಟಿಯನ್ನೂ ಇಟ್ಟಿದ್ದೇನೆ. ಮಾಮಾ ಮಗಳ ಮನೆಗೂ ಹೋಗದೆ ಇವತ್ತಿನ ಗಾಡಿಗೇ ತಿರುಗಿ ಹೊರಟಿದ್ದಾರೆ.

ಸೇಡಂ ಸಭೆಗೆ ಗಂಡನಿಲ್ಲದ ಒಬ್ಬ ಹೆಂಗಸೂ ಬಂದಿರಲಿಲ್ಲ. ಅಪ್ಪ ತೀರಿಕೊಂಡಾಗ ಅವ್ವನ ಬಳೆ ಯಾರೂ ಒಡೆಯಲಿಲ್ಲ. ಅವ್ವ ಮರುವಾರವೇ ಕೆಂಪು ಸೀರೆ ಉಟ್ಟು ಬುದ್ಧವಿಹಾರಕ್ಕೆ ಹೋದಳು. ನಮ್ಮ ಮನೆಯಲ್ಲಿ ಕೆಂಪು ಬಣ್ಣಕ್ಕೆ ಗಂಡ ಬೇಕಿರಲಿಲ್ಲ. ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಆದರೆ ಆ ದಾನಮ್ಮನ ಮೇಲೂ ಸಿಟ್ಟಿದೆ ನನಗೆ. ಒಡವೆಯ ಆಸೆಗೆ ಅತ್ತೆಯ ಔಷಧದ ಸಾಮಾನು ಕೊರಳಿಗೆ ಹಾಕಿಕೊಂಡು ಮೆರೆಯುತ್ತಾರಾ? ಅಷ್ಟು ಚಂದ ಮಾಡಿದ್ದೇ ನನ್ನ ತಪ್ಪು ಅನ್ನು.

ಮೈತ್ರಿ


ಕಲಬುರಗಿ, ಆಸ್ಪತ್ರೆ
30 ಅಕ್ಟೋಬರ್ 2024

ಮೈತ್ರಿ,

ದಾನಮ್ಮನನ್ನು ಸೇರಿಸಿದ್ದೇವೆ. ಅದೇ ಡಾಕ್ಟರು. ಈ ಸಲ ನಗಲಿಲ್ಲ. ಚಿಕ್ಕಂದಿನ ಜ್ವರದಿಂದ ಹೃದಯದ ಒಂದು ಕವಾಟ ಕಿರಿದಾಗಿದೆ, ಹೆರಿಗೆಯ ತನಕ ಹೀಗೇ ಬಿಟ್ಟಿದ್ದರೆ ತಾಯಿಯೂ ಮಗುವೂ ಉಳಿಯುತ್ತಿರಲಿಲ್ಲ ಅಂದರು. ನಾಳೆ ಒಳಗೆ ಬಲೂನ್ ತೂರಿಸಿ ಕವಾಟ ಅಗಲ ಮಾಡುತ್ತಾರೆ.

ನಿನ್ನ ಕಾಗದ ಓದಿದರೂ ರಮೇಶಕುಮಾರ ಅನುಮಾನ ಮಾಡುತ್ತಿದ್ದ. ಇವತ್ತು ಹಿಂಗ ಬರೀತಾರ, ನಾಳಿ ಹಂಗ ಬರೀತಾರ ಅಂತ ದಿನ ದೂಡಿದ. ಕೊನೆಗೆ ಭೀಮಮ್ಮ ಎದ್ದು ನಿಂತಳು. "ಸುಳ್ಳಂತ ಬರದಾಗ ಜಲ್ದಿ ನಂಬಿದಿ. ಖರೆ ಅಂತ ಬರದಾಗ ಯಾಕ ನಂಬವಲ್ಲಿ? ಸಹಿ ಎರಡೂ ಒಬ್ಬಾಕಿದೇ ಅದ. ನನ್ನ ಘಟ್ಟಿ ಎದಿ ನೋಡಾಕ ಜೀಪ್ ತಂದಿ. ಇಕಿಗಿ ತರಲಿಲ್ಲಂದ್ರ ನಾ ಇಕೀನ್ನ ಕರಕೊಂಡು ನಡಕೋತ ಹೋಗ್ತೀನಿ." ಅಂದವಳೇ ಸೊಸೆಯ ಕೈ ಹಿಡಿದು ರಸ್ತೆಗೆ ಇಳಿದೇಬಿಟ್ಟಳು. ಅವನು ಜೀಪು ತಂದ.

ನಾನು ಬರೆದುಕೊಟ್ಟ ವಿವರಣೆ ಇನ್ನೂ ಸಾಹೇಬರ ಮೇಜಿನ ಮೇಲಿದೆ. ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಇವತ್ತು ಮಂಚದ ಪಕ್ಕ ಕೂತು ನಿನ್ನ ಕಾಗದವನ್ನು ದಾನಮ್ಮನಿಗೆ ಓದಿ ಹೇಳಿದೆ. ಒಡವೆಯ ಆಸೆ ಅನ್ನುವ ಮಾತು ಬಂದಾಗ ನಗು ಬಂತು, "ನಿನ್ನ ಶೋಕೀನೇ ನಿನ್ನ ಜೀವ ಉಳಿಸ್ತು ನೋಡವಾ" ಅಂದೆ. ಅವಳು ನಗಲಿಲ್ಲ. ನನಗೊಂದು ಹಾಳೆ, ಪೆನ್ನು ಕೊಡ್ರಿ ಅಂದಳು. ಬರೆದು ಮುಗಿಸಿ, ಮೊದಲು ನೀವು ಓದ್ರಿ, ಆಮ್ಯಾಲ ಅವರಿಗೆ ಕಳಸ್ರಿ ಅಂದಳು.

ಓದಿದೆ. ಓದಿದ ಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಈ ಸಾಲು ಸೇರಿಸುತ್ತಿದ್ದೇನೆ. ಒಳಗೆ ಹೋಗಿ ಅವಳ ಮುಖ ನೋಡಲು ನನಗೆ ಧೈರ್ಯ ಬರುತ್ತಿಲ್ಲ. ನೀನೂ ಓದು.

ಲುಂಬಿನಿ


ಕಲಬುರಗಿ ದವಾಖಾನಿ
30 ಅಕ್ಟೋಬರ್ 2024

ಮೈತ್ರಿ ಅಕ್ಕೋರಿಗೆ ದಾನಮ್ಮನ ನಮಸ್ಕಾರ.

ನನ್ನ ತವರುಮನಿ ನಾಲವಾರ. ಹತ್ತನೇತ್ತಿ ಪಾಸ್ ಆಗೀನಿ. ನೀ ಹೇಳು, ನಾ ಬರೀತೀನಿ ಅಂತ ಸಿಸ್ಟರ್ ಅಂದ್ರು. ಬ್ಯಾಡ್ರಿ, ನಂದು ನಾನೇ ಬರೀತೀನಿ ಅಂದೆ.

ಒಡವಿ ಆಸಿಗಿ ಹಾಕ್ಕೊಂಡ್ಲು ಅಂತ ಬರದೀರಿ. ಸಿಸ್ಟರ್ ಶೋಕಿ ಅಂದು ನಕ್ಕರು. ನನಗ ಮೈಯೆಲ್ಲಾ ಉರೀತು. ನಿಮಗ ಇಬ್ಬರಿಗೂ ನನ್ನ ಕೊರಳ ಕಂಡದ, ಎದಿ ಕಂಡಿಲ್ಲ.

ನನಗ ಬಸರಾಗಿ ಮೂರು ತಿಂಗಳಿಗೇ ತ್ರಾಸ ಚಾಲೂ ಆಯ್ತು. ಕೊಡ ಹೊತ್ತು ಬಂದ್ರ ಎದಿಯಾಗ ಕೋಳಿ ಒದ್ದಾಡಿದಂಗ ಆಗ್ತಿತ್ತು. ಅಂಗಾತ ಮಲಗಿದ್ರ ದಮ್ಮು ಕಟ್ಟತಿತ್ತು, ಗೋಡಿಗಿ ಒರಗಿ ಕುಂತೇ ನಿದ್ದಿ ಮಾಡ್ತಿದ್ದೆ. ನಮ್ಮ ಮನಿಯವರಿಗಿ ಹೇಳ್ದೆ. ಬಸರಿ ಹೆಂಗಸರದು ಇದ್ದದ್ದೇ ಅಂದ್ರು. ನಮ್ಮಪ್ಪ ಕಾಶಪ್ಪಗ ಫೋನಿನ್ಯಾಗ ಹೇಳ್ದೆ. ಅತ್ತಿಮನ್ಯಾಗ ಕೆಲಸ ತಪ್ಪಸಾಕ ಹಂಗ ಅನಬ್ಯಾಡ ಅಂದ. ತಪಾಸಣಿಗಿ ಬಂದಾಗ ಸಿಸ್ಟರಿಗೂ ಹೇಳ್ದೆ. ಸಿಸ್ಟರಿಗಿ ಅವತ್ತು ಭಾಳ ಮಂದಿ ಇದ್ರು. ತಲಿ ಎತ್ತಲಿಲ್ಲ. ರಕ್ತ ಕಮ್ಮಿ ಅದ, ಗುಳಗಿ ನುಂಗು ಅಂದ್ರು. ನುಂಗಿದೆ. ಎದಿ ಹಂಗೇ ಒದ್ದಾಡ್ತಿತ್ತು.

ಅಷ್ಟರಾಗ ನಮ್ಮತ್ತಿಗಿ ಬಿಲ್ಲೆ ಬಂತು. ಎದಿ ಹದ ತಪ್ಪಿದ್ರ ಇದು ತಾನೇ ಪುಣೆಗೆ ಹೇಳ್ತದ ಅಂತ ಸಿಸ್ಟರ್ ಹೇಳಿದ್ರು. ನಾ ಒಲಿ ಮುಂದ ಕುಂತು ಕೇಳಾಕತ್ತಿದ್ದೆ. ನನ್ನ ಮಾತು ಯಾರೂ ಕೇಳವಲ್ಲರು, ಇದರ ಮಾತಾದ್ರೂ ಕೇಳ್ತಾರ ಅಂತ ಅನಿಸ್ತು. ಅತ್ತಿ ಮಂದಿಗಿ ಅಂಜಿ ಅದನ್ನ ತಗೀಬೇಕಂತಿದ್ಲು. ನನಗ ಕೊಡತ್ತಿ, ಚಂದ ಅದ ಅಂತ ಕೇಳ್ದೆ. ಎದಿ ನೋಯ್ತದ ಅಂದಿದ್ರ ಕೊಡ್ತಿರಲಿಲ್ಲ. ಚಂದ ಅದ ಅಂದೆ, ಕೊಟ್ಲು.

ಬಿಲ್ಲೆ ಹೇಳ್ತು. ಜೀಪ್ ಬಂತು. ಸಿಸ್ಟರ್ ಅತ್ತೀನ್ನ ಕುಂದರಿಸಿಕೊಂಡು ಹೋದ್ರು. ನಾ ಬಾಗಿಲಾಗ ನಿಂತಿದ್ದೆ. ಅದು ನಂದು ಅಂತ ಹೇಳಬೇಕಂತ ಬಾಯಿ ತೆರದೆ. ಅತ್ತಿ ಬಿಲ್ಲೆ ಸೊಸಿ ಕದ್ದಾಳ ಅಂತಾರಂತ ಬಾಯಿ ಮುಚ್ಚಿದೆ. ಜೀಪ್ ಹೋದ ಮ್ಯಾಲ ರೊಟ್ಟಿ ಬಡಿಯಾಕ ಕುಂತೆ. ಅವತ್ತ ಅತ್ತಷ್ಟು ನಾ ಯಾವತ್ತೂ ಅತ್ತಿಲ್ಲ.

ಅದು ಬಿಳೀದಿದ್ರೂ ಹಾಕ್ಕೋತಿದ್ದೆ ಅಕ್ಕೋರೆ. ಕರೀದಿದ್ರೂ ಹಾಕ್ಕೋತಿದ್ದೆ. ಕೆಂಪು ಹಚ್ಚಿದ್ದು ತಪ್ಪಾ, ಅಂಟಸಿದ್ದು ತಪ್ಪಾ ಅಂತ ನೀವು ಅಕ್ಕ ತಂಗಿ ಇನ್ನೂ ಬಡದಾಡ್ರಿ. ನನಗ ಅದು ಬ್ಯಾಡ. ನಾಳಿ ಬಲೂನ್ ಹಾಕ್ತಾರ. ಉಳೀತೀನಿ ಅಂತ ಡಾಕ್ಟರ್ ಅಂದಾರ, ಖಾತ್ರಿ ಕೊಟ್ಟಿಲ್ಲ. ಅದಕ್ಕ ಇವತ್ತೇ ಬರೀಲಿಕತ್ತೀನಿ.

ನೀವು ಕಳಿಸಿದ ಗೆರಿ ಚೀಟಿ ಇಲ್ಲಿ ನನ್ನ ಮಂಚಕ್ಕ ಸಿಗಸ್ಯಾರ. ಅದರ ಮ್ಯಾಲ ಭೀಮಮ್ಮ, ವಯಸ್ಸು ಅರವತ್ತೆರಡು ಅಂತ ಅದ. ಅದು ನನ್ನ ಎದಿರಿ. ಆ ಹೆಸರ ಹೊಡದು ಹಾಕಿ ನನ್ನ ಹೆಸರು ಬರೀರಿ.

ದಾನಮ್ಮ